ಮೇದಿನಿಗೆ ಹೂಂ ಅಂದ ವಾರ

ನಾನು ಆ ವಾರ ಏನಾಗಿದ್ದೆ ಎಂಬುದು ಊರಿಗೆಲ್ಲ ತಿಳಿದ ಮೇಲೆ ಜನ ಕೇಳುತ್ತಾರೆ, ಅಲ್ಲಯ್ಯಾ, ಅಂಗೈ ಹುಣ್ಣಿನ ಹಾಗೆ ಕಣ್ಣ ಮುಂದೆಯೇ ಇತ್ತಲ್ಲ, ನಿನಗೆ ಹೊಳೆಯಲಿಲ್ಲವೇ ಎಂದು. ಹೊಳೆಯಲಿಲ್ಲ. ಈಗ ಕೇಳುವ ಈ ಜಾಣರಿಗೂ ಆಗ ಹೊಳೆದಿರಲಿಲ್ಲ. ಆದರೆ ತಪ್ಪು ನನ್ನದೇ, ಅದನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ಹೇಳುತ್ತೇನೆ.

ನಮ್ಮೂರಿನಲ್ಲಿ ಐದು ತುಂಬದ ಮಕ್ಕಳೆಲ್ಲ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಆಟದ ಮನೆಗೆ ಹೋಗುತ್ತಾರೆ. ಮೊದಲು ಅದು ತೆಂಗಿನಕಾಯಿ ದಾಸ್ತಾನು ಮಾಡುವ ಕಟ್ಟಡವಾಗಿತ್ತು. ಈಗಲೂ ಒಳಗೆ ಕಾಲಿಟ್ಟರೆ ಕೊಬ್ಬರಿಯ ವಾಸನೆ ಬರುತ್ತದೆ. ಮಕ್ಕಳು ಒಬ್ಬೊಬ್ಬರೇ ಹೋಗುವ ಹಾಗಿಲ್ಲ. ಜೊತೆಗೆ ಒಬ್ಬರು ದೊಡ್ಡವರು ಇರಲೇಬೇಕು, ಅವರೂ ಚಪ್ಪಲಿ ಬಿಟ್ಟು ನೆಲದ ಮೇಲೆಯೇ ಕೂರಬೇಕು. ಮೊಣಕಾಲು ನೋವು ಎಂದರೆ ಆಟದ ಮನೆ ನಡೆಸುವ ರೇವಕ್ಕ ಒಂದು ದಿಂಬು ಕೊಡುತ್ತಾರೆ, ಕುರ್ಚಿ ಮಾತ್ರ ಕೊಡುವುದಿಲ್ಲ. ರಟ್ಟಿನ ಡಬ್ಬ, ಮೊಟ್ಟೆಯ ಟ್ರೇ, ಹಳೆ ಸೀರೆ, ಗುಂಡಿ, ಅಂಟು, ಕೆರೆಯ ಜೇಡಿಮಣ್ಣು, ಅಲ್ಲಿಯ ಸಾಮಾನು ಇಷ್ಟೇ. ಮಕ್ಕಳು ಏನು ಬೇಕಾದರೂ ಮಾಡಬಹುದು. ಹಾಗಲ್ಲ ಹೀಗೆ ಎಂದು ದೊಡ್ಡವರು ಬಾಯಿ ಹಾಕುವಂತಿಲ್ಲ. ಹನ್ನೆರಡಕ್ಕೆ ರೇವಕ್ಕ ಗಂಟೆ ಬಾರಿಸುವ ಮೊದಲು ಪ್ರತಿ ಮಗುವೂ ತನ್ನ ದೊಡ್ಡವರ ಕಿವಿಯಲ್ಲಿ ಒಂದು ಹೆಸರು ಹೇಳುತ್ತದೆ. ನೀನು ಆನೆ. ನೀನು ಕೊಡೆ. ನೀನು ಇಡ್ಲಿ. ದೊಡ್ಡವರು ಹೂಂ ಅನ್ನಬೇಕು. ಹೂಂ ಅಂದರೆ ಮುಗಿಯಿತು, ಮುಂದಿನ ಶನಿವಾರ ಹನ್ನೆರಡು ಗಂಟೆಯವರೆಗೆ ಅವರು ಅದೇ.

ಕೊಂಬು ಬಾಲ ಏನೂ ಬರುವುದಿಲ್ಲ. ಲೋಕ ಮಾತ್ರ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಬ್ಯಾಂಕಿನ ಮ್ಯಾನೇಜರು ಡಿಸೋಜರನ್ನು ಅವರ ಮಗಳು ಎಮ್ಮೆ ಮಾಡಿದ ವಾರ ಮೂರು ಬೆಳ್ಳಕ್ಕಿಗಳು ಅವರ ಹಿಂದೆಯೇ ಬ್ಯಾಂಕಿಗೆ ಬಂದು ಮೇಜಿನ ಮೇಲೆ ಕೂತವು. ಪಾಪ, ಊಟದ ಬಿಡುವಿನಲ್ಲಿ ಅವರು ಕೆರೆಗೆ ಹೋಗಿ ಕತ್ತಿನವರೆಗೂ ನೀರಿನಲ್ಲಿ ಕೂತು ಬರುತ್ತಿದ್ದರು, ಯಾರೂ ಏನೂ ಅನ್ನಲಿಲ್ಲ. ಅಂಬುಜಮ್ಮನವರನ್ನು ಮೊಮ್ಮಗ ವಿಮಾನ ಮಾಡಿದಾಗ ಅವರ ಪಾದ ನೆಲದಿಂದ ನಾಲ್ಕು ಬೆರಳು ಮೇಲೆದ್ದಿತು. ಹತ್ತು ವರ್ಷದಿಂದ ಹತ್ತದ ಗುಡ್ಡದ ಮೆಟ್ಟಿಲನ್ನು ದಿನಕ್ಕೆರಡು ಸಲ ಹತ್ತಿ ಇಳಿದರು. ಮರುವಾರವೂ ವಿಮಾನವೇ ಆಗಲಿ ಎಂದು ಮೊಮ್ಮಗನಿಗೆ ಕೊಬ್ಬರಿ ಮಿಠಾಯಿ ಕೊಟ್ಟು ಪುಸಲಾಯಿಸಿದರು. ಅವನು ಮಿಠಾಯಿ ತಿಂದು, ಬಾಯಿ ಒರೆಸಿಕೊಂಡು, ಚಮಚ ಮಾಡಿದ. ಶಾಲೆ, ಕಚೇರಿ, ಅಂಗಡಿ ಎಲ್ಲವೂ ಇದಕ್ಕೆ ಒಗ್ಗಿಕೊಂಡಿವೆ. ಈ ವಾರ ನಾನು ಗಾಳಿಪಟವಾಗಿರುವ ಕಾರಣ ರಜೆ ಬೇಕು ಎಂದು ಅರ್ಜಿ ಕೊಟ್ಟರೆ ಮೇಲಿನವರು ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿ ಎಷ್ಟಿದೆ ನೋಡಿ ಸಹಿ ಹಾಕುತ್ತಾರೆ.

ಮಗು ಹೆಸರು ಹೇಳುವುದು ಒಂದೇ ಸಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಶನಿವಾರ ಎಲ್ಲರೂ ಸುತ್ತ ಕೂತು, ಈ ವಾರ ನಾನು ಇಂಥದ್ದಾಗಿದ್ದೆ ಎಂದು ಒಬ್ಬೊಬ್ಬರಾಗಿ ಹೇಳಬೇಕು, ಮಗು ತಲೆಯಾಡಿಸಬೇಕು. ಹನ್ನೆರಡರ ಗಂಟೆಯೊಳಗೆ ಹೇಳಲಾಗದಿದ್ದರೆ ಕೈ ಬದಲು. ಅಂದರೆ ಆ ಮಗುವಿನ ಕೈಯನ್ನು ಬೇರೆಯವರ ಕೈಗೆ ಕೊಡುತ್ತಾರೆ. ಐದು ತುಂಬುವವರೆಗೆ ಮಗುವಿನ ಶನಿವಾರಗಳೆಲ್ಲ ಅವರವು. ನನಗೆ ತಿಳಿದಂತೆ ಒಂದೇ ಸಲ ಹಾಗಾಗಿದೆ. ಒಬ್ಬ ವಕೀಲರು ಮಗ ಹೇಳಿದ್ದನ್ನು ಕೇಳಿಸಿಕೊಂಡಿರಲಿಲ್ಲ, ಹುಡುಗನ ಕೈಯನ್ನು ಹೂ ಮಾರುವ ಚಿಕ್ಕತಾಯಮ್ಮನಿಗೆ ಕೊಟ್ಟರು. ಅವನೀಗ ಕಾಲೇಜಿನಲ್ಲಿದ್ದಾನೆ. ಏನೇ ಒಳ್ಳೆಯದಾದರೂ ಮೊದಲು ಓಡಿಹೋಗಿ ಹೇಳುವುದು ಚಿಕ್ಕತಾಯಮ್ಮನಿಗೆ. ವಕೀಲರಿಗೂ ಹೇಳುತ್ತಾನೆ, ಆದರೆ ಸಂಜೆ.

ನನ್ನ ಹೆಸರು ವಾಮನ. ಆರಡಿ ಎರಡಂಗುಲ ಇದ್ದೇನೆ. ಹೆಸರಿಟ್ಟವರಿಗೆ ಮುಂದಿನದು ಗೊತ್ತಿರಲಿಲ್ಲ. ಮದುವೆ ಮುಂಜಿಗಳಿಗೆ ಅಡುಗೆ ಮಾಡಿಸಿ ಕೊಡುವುದು ನನ್ನ ಕಸುಬು. ಮೇದಿನಿ ನನ್ನ ತಂಗಿ ಸುಗುಣಳ ಮಗಳು, ಆಗ ಅವಳಿಗೆ ನಾಲ್ಕು ವರ್ಷ ಮೂರು ತಿಂಗಳು. ಸುಗುಣ ಬೇರೆ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮಗು ನನ್ನ ಹತ್ತಿರ ಇತ್ತು. ಮಗುವಿನ ಅಪ್ಪನ ವಿಷಯ ಕೇಳಬೇಡಿ, ನಮ್ಮ ಮನೆಯಲ್ಲೂ ಯಾರೂ ಕೇಳುವುದಿಲ್ಲ.

ಸುಗುಣ ಬರುತ್ತಿದ್ದುದು ಎರಡು ಮೂರು ತಿಂಗಳಿಗೊಮ್ಮೆ. ಅವಳ ಊರು ದೂರ ಎಂದಲ್ಲ, ನಮ್ಮ ಊರಿಗೆ ಬಸ್ ಸ್ಟಾಪು ಇಲ್ಲ ಎಂದು. ನಕಾಶೆಯಲ್ಲಿ ಇಲ್ಲದ ಊರಿಗೆ ಸ್ಟಾಪು ಕೊಡಲು ಬರುವುದಿಲ್ಲ ಎಂದು ಡಿಪೋದವರು ಮೂರು ಸಲ ಕಾಗದ ಬರೆದಿದ್ದಾರೆ, ಮೂರೂ ನಮ್ಮೂರಿನ ವಿಳಾಸಕ್ಕೇ ಸರಿಯಾಗಿ ಬಂದು ಮುಟ್ಟಿವೆ. ಬಸ್ಸು ಊರ ತುದಿಯ ದೊಡ್ಡ ರಸ್ತೆಯಲ್ಲಿ ಬರ್ರೆಂದು ಹೋಗಿಬಿಡುತ್ತದೆ. ಹತ್ತಿ ಇಳಿಯುವವರು ಹನ್ನೊಂದು ಮೈಲಿ ಆಚೆಯ ಪೇಟೆಗೆ ಹೋಗಬೇಕು, ಬಂದು ಹೋಗುವುದರಲ್ಲೇ ದಿನ ಮುಗಿಯುತ್ತದೆ. ಒಮ್ಮೆ ಅವಳ ತರಗತಿಯವರೆಲ್ಲ ಇದೇ ಬಸ್ಸು ಹತ್ತಿ ಈ ದಾರಿಯಲ್ಲಿ ಬೇರೆ ಆಸ್ಪತ್ರೆಗೆ ಹೋದರು. ಅಮ್ಮನನ್ನು ಕಿಟಕಿಯಲ್ಲಾದರೂ ನೋಡಲಿ ಎಂದು ಮೇದಿನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆ ಬದಿಯಲ್ಲಿ ನಿಂತೆ. ಸುಗುಣ ಕೈ ಬೀಸಿದಳು. ನಾವೂ ಬೀಸಿದೆವು. ಬಸ್ಸು ಹೋಯಿತು.

“ಯಾಕೆ ಮಾಮ ನಿಲ್ಲಿಲ್ಲ?” ಎಂದಳು ಮೇದಿನಿ.

“ಇಲ್ಲಿ ಸ್ಟಾಪಿಲ್ಲ ಪುಟ್ಟಿ” ಎಂದೆ.

ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಸ್ಟಾಪು ಅಂದರೆ ಏನು, ಹೇಗಿರುತ್ತದೆ, ಯಾರು ಮಾಡುತ್ತಾರೆ ಎಂದು ಮನೆಯವರೆಗೂ ಕೇಳಿದಳು. ಗೊತ್ತಿದ್ದಷ್ಟು ಹೇಳಿದೆ. ಆಮೇಲೆ ಊಟ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಅತ್ತಿದ್ದರೇ ವಾಸಿಯಿತ್ತು ಅನ್ನಿಸಿತು ನನಗೆ.

ಅದಾಗಿ ಎರಡು ತಿಂಗಳಿಗೆ, ಒಂದು ಶುಕ್ರವಾರ, ಸುಗುಣ ಫೋನು ಮಾಡಿದಳು. ನಾನು ಹೂರಣಕ್ಕೆ ಬೇಳೆ ಬೆಂದಿದೆಯೋ ಇಲ್ಲವೋ ಹಿಸುಕಿ ನೋಡುತ್ತಿದ್ದೆ, ಕೈ ಖಾಲಿ ಇಲ್ಲದೆ ಸ್ಪೀಕರ್ ಹಾಕಿದ್ದೆ. “ಅಣ್ಣಾ, ನಾಳೆ ಬಿಟ್ಟು ಬರೋ ಶನಿವಾರ ಮತ್ತೆ ಆ ಕಡೆಯಿಂದಾನೇ ಹೋಗ್ತೀವಿ. ಹನ್ನೆರಡರ ಒಳಗೆ ಊರು ದಾಟುತ್ತೆ ಬಸ್ಸು. ಪುಟ್ಟೀನ ರಸ್ತೆಗೆ ಕರ್ಕೊಂಡು ಬರ್ಬೇಡ. ಹೋದ್ಸಲ ಹಂಗಾದ್ಮೇಲೆ ನಂಗೇ ಮೂರು ದಿನ ಊಟ ಸೇರ್ಲಿಲ್ಲ” ಎಂದಳು. ಆಯಿತು ಎಂದೆ. ಮೇದಿನಿ ಮೇಜಿನ ಕೆಳಗೆ ಕೂತು ಬಟಾಣಿ ಸಿಪ್ಪೆಯಲ್ಲಿ ದೋಣಿ ಮಾಡುತ್ತಿದ್ದಳು. ಅವಳಿಗೂ ಕೇಳಿಸೀತು ಎಂದು ನನಗೆ ಹೊಳೆಯಲೇ ಇಲ್ಲ. ನಾನು ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದ ಮನುಷ್ಯ, ಬೇರೆಯವರೂ ಹಾಗೇ ಅಂದುಕೊಂಡಿದ್ದೆ.

ಮರುದಿನ ಆಟದ ಮನೆ. ಅಲ್ಲಿಗೆ ಫೋನು ತರಬಾರದು ಎಂದು ಯಾರೂ ಬರೆದು ಹಾಕಿಲ್ಲ. ಯಾರೂ ತರುವುದಿಲ್ಲ, ಅಷ್ಟೇ. ನಾನು ತಂದಿದ್ದೆ, ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ಆರುನೂರು ಎಲೆಯ ಮದುವೆ, ಹೆಣ್ಣಿನ ಅಪ್ಪ ಗಳಿಗೆಗೊಂದು ಪಲ್ಯ ಬದಲಿಸುತ್ತಿದ್ದರು. ಮೇದಿನಿ ನಮ್ಮ ಅಡುಗೆ ಮನೆಯದೇ ಸಿಹಿತಿಂಡಿಯ ಉದ್ದನೆ ಡಬ್ಬವೊಂದಕ್ಕೆ ಏನೋ ಕತ್ತರಿಸಿ ಏನೋ ಅಂಟಿಸುತ್ತಿದ್ದಳು. ಹನ್ನೆರಡಕ್ಕೆ ಎರಡು ನಿಮಿಷ ಇದ್ದಾಗ ಫೋನು ನಡುಗಿತು. ಬಗ್ಗಿ ಎಡಗಿವಿಗೆ ಹಿಡಿದೆ. ಬದನೆಕಾಯಿ ಬೇಡ, ತೊಂಡೆಕಾಯಿ ಆಗಬಹುದೇ ಎಂದು ಅವರು ಕೇಳುತ್ತಿರುವಾಗಲೇ ಬಲಗಿವಿಯ ಹತ್ತಿರ ಮೇದಿನಿಯ ಬಿಸಿ ಉಸಿರು ತಗುಲಿತು. ಹೂಂ ಎಂದೆ. ಆ ಕಡೆಗೂ ಹೂಂ ಎಂದೆ. ರೇವಕ್ಕ ಗಂಟೆ ಬಾರಿಸಿದರು. ಎರಡು ಹೂಂ ಅಂದಿದ್ದೆ, ಒಂದು ತೊಂಡೆಕಾಯಿಗೆ, ಇನ್ನೊಂದು ಯಾವುದಕ್ಕೆ ಎಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಯವಾಗಿ ಕೇಳಿ ನೋಡಿದೆ. “ಪುಟ್ಟೀ, ನಾನೀಗ ಏನು?”

“ಹೂಂ ಅಂದ್ಯಲ್ಲ.”

“ಅಂದೆ. ಸುಮ್ನೆ ಹೇಳು ನೋಡೋಣ.”

ಅವಳು ನಿಂತು ನನ್ನ ಮುಖ ನೋಡಿದಳು. “ನಿಂಗೆ ಗೊತ್ತು ತಾನೆ?”

“ಗೊತ್ತು, ಗೊತ್ತು” ಎಂದೆ. ಅಲ್ಲೇ ಒಪ್ಪಿಕೊಂಡುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವಳು ಅಷ್ಟು ಖುಷಿಯಾಗಿದ್ದಳು, ಒಂದು ಕಾಲಲ್ಲಿ ಕುಂಟುತ್ತಾ ಕುಣಿಯುತ್ತಾ ಮನೆಯವರೆಗೂ ಬಂದಳು. ವಕೀಲರ ಕಥೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ನಾನೇ. ಇರುಳು ಕಂಡ ಬಾವಿಗೆ ಹಗಲು ಬೀಳುವುದು ಎಂದರೆ ಇದೇ.

ಭಾನುವಾರ ಬೆಳಿಗ್ಗೆ ಹಾಲಿಗೆ ನಿಂತಿದ್ದೆ. ಸಂಕಪ್ಪಜ್ಜ ಬಂದು ನನ್ನ ಪಕ್ಕ ನಿಂತ. ಎಂಬತ್ತರ ಹತ್ತಿರದ ಮನುಷ್ಯ, ಈ ಊರು ಬಿಟ್ಟು ಒಂದು ದಿನವೂ ಹೊರಗೆ ಹೋದವನಲ್ಲ. ಕೈಯಲ್ಲೊಂದು ಬಟ್ಟೆಯ ಚೀಲ. ಅದನ್ನು ನನ್ನ ಕಾಲ ಬಳಿ ಇಟ್ಟು, ಕತ್ತು ಚಾಚಿ ಎಡಕ್ಕೆ ನೋಡಿದ. ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರು ಬಂದು ಅವನ ಹಿಂದೆ ನಿಂತರು. “ಬಂತಾ?” ಎಂದು ಒಬ್ಬಳು ನನ್ನನ್ನು ಕೇಳಿದಳು. “ಏನಮ್ಮ?” ಎಂದೆ. “ಏನೋಪ್ಪ, ಗೊತ್ತಿಲ್ಲ. ಕೇಳ್ಬೇಕು ಅನ್ನಿಸ್ತು” ಎಂದಳು. ನಾನು ಹಾಲು ತೆಗೆದುಕೊಂಡು ಹೊರಟರೆ ಮೂವರೂ ಚೀಲ ಎತ್ತಿಕೊಂಡು ನನ್ನ ಹಿಂದೆಯೇ ಬಂದು, ನಾನು ನಿಂತಲ್ಲಿ ನಿಂತರು.

ಸೋಮವಾರ ಒಬ್ಬ ಕಡಲೆಕಾಯಿ ಮಾರುವವನು ಬುಟ್ಟಿ ತಂದು ನನ್ನ ಪಕ್ಕದಲ್ಲೇ ಇಟ್ಟುಕೊಂಡ. ವ್ಯಾಪಾರ ಚೆನ್ನಾಗಿಯೇ ಆಯಿತು, ನನ್ನ ಕಾಲ ಸುತ್ತ ಸಿಪ್ಪೆ ಬಿತ್ತು. ಮಂಗಳವಾರ ಯಾರೋ ನನ್ನ ಬೆನ್ನಿಗೆ ಉಚಿತ ಕಣ್ಣಿನ ತಪಾಸಣೆಯ ಪೋಸ್ಟರು ಅಂಟಿಸಿದ್ದರು. ಅಂಟಿಸಿದವರನ್ನು ಹಿಡಿದು ಕೇಳಿದರೆ, ಜಾಗ ಚೆನ್ನಾಗಿ ಕಂಡಿತು, ನಾಲ್ಕು ಜನ ನೋಡುತ್ತಾರೆ ಎಂದರು. ಬುಧವಾರ ಒಂದು ನಾಯಿ ಬಂದು ಹಿಂಗಾಲೆತ್ತಿತು. ಗುರುವಾರ ಒಬ್ಬ ಹುಡುಗ ಒಬ್ಬಳು ಹುಡುಗಿ ನನ್ನ ಆ ಬದಿಗೊಬ್ಬರು ಈ ಬದಿಗೊಬ್ಬರು ನಿಂತು, ಪರಿಚಯವಿಲ್ಲದವರ ಹಾಗೆ ನಟಿಸುತ್ತಾ, ನಾನು ಇಲ್ಲವೇ ಇಲ್ಲ ಎಂಬಂತೆ ಒಂದು ಗಂಟೆ ಮಾತಾಡಿದರು. ನನಗೂ ಆ ವಾರ ಓಡಾಡುವುದೇ ಬೇಡವಾಗಿತ್ತು. ಎಲ್ಲಾದರೂ ರಸ್ತೆ ಬದಿಯಲ್ಲಿ ಸುಮ್ಮನೆ ನಿಂತರೆ ಜೀವಕ್ಕೆ ಹಾಯೆನ್ನಿಸುತ್ತಿತ್ತು.

ಚೆನ್ನವೀರಣ್ಣ ನಮ್ಮಲ್ಲಿ ಮೂವತ್ತು ವರ್ಷದಿಂದ ಇರುವ ಅಡುಗೆಯವನು, ನನ್ನ ಅಪ್ಪನ ಕಾಲದವನು. ಅವನಿಗೊಬ್ಬನಿಗೆ ನಿಜ ಹೇಳಿದ್ದೆ. ಸೌಟು ಹಿಡಿದುಕೊಂಡೇ ಅವನು ದಿನಕ್ಕೊಂದು ತೀರ್ಪು ಕೊಡುತ್ತಿದ್ದ. ಪೋಸ್ಟರು ನೋಡಿ, “ನೀನು ಗೋಡೆ ಕಣಪ್ಪ” ಎಂದ. ನಾಯಿಯ ವಿಷಯ ಕೇಳಿ, “ಅನುಮಾನವೇ ಇಲ್ಲ, ಲೈಟ್ ಕಂಬ” ಎಂದ. ಹುಡುಗ ಹುಡುಗಿಯ ವಿಷಯ ಹೇಳಿದಾಗ ಒಲೆ ಸಣ್ಣ ಮಾಡಿ ಯೋಚಿಸಿದ. “ಜನ ಬರ್ತಾರೆ, ಚೀಲ ಇಡ್ತಾರೆ, ಕಡ್ಲೆಕಾಯಿ ತಿಂತಾರೆ, ನಾಯಿ ಬರುತ್ತೆ, ಹುಡುಗ್ರು ಬರ್ತಾರೆ. ವಾಮಣ್ಣ, ನೀನು ಅರಳೀಕಟ್ಟೆ.”

“ಅರಳೀಕಟ್ಟೆ ಮೇಲೆ ಕೂತ್ಕೋತಾರಲ್ವಾ? ಇವ್ರು ಯಾರೂ ಕೂರಲ್ಲ. ನಿಂತ್ಕೊಂಡು ಎಡಗಡೆ ನೋಡ್ತಾರೆ.”

“ನೋಡ್ಲಿ ಬಿಡು. ನಿನ್ನ ಮೇಲೆ ಕೂರೋಕಾಗುತ್ತಾ?” ಎಂದು ಸಾರಿಗೆ ಒಗ್ಗರಣೆ ಕೊಟ್ಟ.

ಬೇರೆ ಊರುಗಳಲ್ಲಿ ನಾನೇ ನೂರು ಸಲ ನಿಂತು ಕಾದಿದ್ದೇನೆ. ಆದರೆ ನಮ್ಮೂರಲ್ಲಿ ಇಲ್ಲವೇ ಇಲ್ಲದ ವಸ್ತು ನಮ್ಮೂರಲ್ಲಿ ನಡೆದಾಡುತ್ತಿರಬಹುದು ಎಂದು ಯಾರ ತಲೆಗೂ ಹೋಗಲಿಲ್ಲ. ಶುಕ್ರವಾರ ಸಂಜೆ ಮೇದಿನಿಗೆ ಜಡೆ ಹಾಕುತ್ತಿದ್ದೆ. ಜಡೆ ಹಾಕುವುದನ್ನು ನಾನು ಕಲಿತದ್ದು ಅವಳಿಗಾಗಿ, ಮೊದಲ ಆರು ತಿಂಗಳು ಎಡದ್ದು ದಪ್ಪ ಬಲದ್ದು ಸಣ್ಣ ಆಗುತ್ತಿತ್ತು. “ನಾಳೆ ಶನಿವಾರ ಅಲ್ವಾ ಮಾಮ?” ಎಂದಳು. ಆ ದಿನ ಅದನ್ನು ಅವಳು ಐದನೇ ಸಲ ಕೇಳುತ್ತಿದ್ದಳು. ಹೌದು ಎಂದೆ. ನನಗೆ ನಿಜವಾಗಿ ಹೆದರಿಕೆಯಾಯಿತು. ನಾಳೆ ಹನ್ನೆರಡಕ್ಕೆ ಈ ಕೈಯನ್ನು ಬೇರೆಯವರ ಕೈಗೆ ಕೊಟ್ಟುಬಿಟ್ಟರೆ, ಅವಳಿಗೆ ಐದಾಗುವವರೆಗಿನ ಒಂಬತ್ತು ತಿಂಗಳು ನಾನು ಶನಿವಾರ ಏನು ಮಾಡಲಿ? ಅಮ್ಮ ಹತ್ತಿರವಿಲ್ಲದ ಮಗು, ಮಾಮನೂ ಕೇಳಿಸಿಕೊಳ್ಳಲಿಲ್ಲ ಎಂದು ಗೊತ್ತಾದರೆ ಆಮೇಲೆ ಯಾರಿಗೆ ಏನು ಹೇಳುತ್ತಾಳೆ? ಅರಳೀಕಟ್ಟೆ ಎಂದೇ ಹೇಳಿಬಿಡುವುದು, ದೇವರಿದ್ದಾನೆ ಎಂದು ನಿರ್ಧಾರ ಮಾಡಿದೆ.

ಶನಿವಾರ ಬೆಳಿಗ್ಗೆ ನಾವು ಆಟದ ಮನೆಗೆ ಹೊರಟಾಗ ಹಿಂದೆ ಹದಿನಾಲ್ಕು ಜನ ಸಾಲಾಗಿ ಬಂದರು, ಮುಂದೆ ಸಂಕಪ್ಪಜ್ಜ. ನಾನು ಒಳಗೆ ಹೋದೆ, ಅವರು ಹೊರಗೆ ನಿಂತರು. ಎಲ್ಲರೂ ಸುತ್ತ ಕೂತೆವು. ಅಂಬುಜಮ್ಮ, “ನಾನು ಈ ವಾರವೂ ಚಮಚ” ಎಂದು ಮೊಮ್ಮಗನನ್ನು ದುರುಗುಟ್ಟಿ ನೋಡುತ್ತಾ ಹೇಳಿದರು. ಡಿಸೋಜ, “ನಾನು ಭಾನುವಾರ ಆಗಿದ್ದೆ” ಎಂದರು. ವಾರವೆಲ್ಲ ಅವರ ಬ್ಯಾಂಕಿನಲ್ಲಿ ಗುಮಾಸ್ತರು ತೂಕಡಿಸುತ್ತಿದ್ದುದು ಏಕೆಂದು ಎಲ್ಲರಿಗೂ ಆಗ ಅರ್ಥವಾಯಿತು. ನನ್ನ ಸರದಿ ಬಂತು. ಅರಳೀಕಟ್ಟೆ ಎಂದು ಬಾಯಿ ತೆರೆದೆ. ಮೇದಿನಿ ನನ್ನನ್ನೇ ನೋಡುತ್ತಿದ್ದಳು. ಅವಳ ತಲೆ ಆಗಲೇ ಆಡುವುದಕ್ಕೆ ತಯಾರಾಗಿತ್ತು, ಮಾಮ ಸರಿಯಾಗಿಯೇ ಹೇಳುತ್ತಾನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ಮುಖದ ಮುಂದೆ ಅಂದಾಜಿನ ಮಾತು ಆಡಲು ನನ್ನಿಂದ ಆಗಲಿಲ್ಲ.

“ರೇವಕ್ಕಾ, ನಂಗೆ ಗೊತ್ತಿಲ್ಲ” ಎಂದೆ. “ಅವ್ಳು ಹೇಳ್ದಾಗ ನಾನು ಫೋನಲ್ಲಿದ್ದೆ.”

ಮೇದಿನಿಯ ಮುಖ ಸಣ್ಣದಾಯಿತು. ಅಳದೆ ಎದ್ದುಹೋಗಿ, ಹಲಗೆಯ ಮೇಲಿಟ್ಟಿದ್ದ ತನ್ನ ಉದ್ದನೆ ಡಬ್ಬ ತೆಗೆದುಕೊಂಡು ಮೂಲೆಯಲ್ಲಿ ನನಗೆ ಬೆನ್ನು ಹಾಕಿ ಕೂತಳು.

ರೇವಕ್ಕ ಮೂವತ್ತು ವರ್ಷ ಮಕ್ಕಳನ್ನು ನೋಡಿದವರು, ಬೈಯುವುದರಲ್ಲಿ ಹೊತ್ತು ಕಳೆಯುವುದಿಲ್ಲ. “ಫೋನು ಕೊಡು” ಎಂದರು. ಕೊಟ್ಟೆ. ಅದನ್ನು ಗುಂಡಿಗಳ ಡಬ್ಬದಲ್ಲಿ ಹಾಕಿ ಮುಚ್ಚಳ ಮುಚ್ಚಿದರು. “ಕೈ ಬದಲು ಆಗೋದು ಹನ್ನೆರಡಕ್ಕೆ. ಅಲ್ಲೀವರೆಗೂ ಅವಳು ನಿನ್ನ ಮಗುವೇ. ಹೋಗಿ ಹತ್ರ ಕೂತ್ಕೊ. ಏನೂ ಕೇಳ್ಬೇಡ. ನೋಡು.”

ಹೋಗಿ ಕೂತೆ. ಸತ್ಯ ಹೇಳಬೇಕೆಂದರೆ ಅಷ್ಟು ತಿಂಗಳು ಶನಿವಾರ ತಪ್ಪದೆ ಬಂದಿದ್ದರೂ ಅವಳು ಆಡುವುದನ್ನು ನಾನು ನೋಡಿದ್ದು ಅದೇ ಮೊದಲು. ಮೊದಲು ಜೇಡಿಮಣ್ಣು ನಾದಿ ಎರಡು ಚಕ್ರ ತಟ್ಟಿದಳು, ಒಂದು ಬಿರುಕು ಬಿಟ್ಟಿತು, ಮತ್ತೆ ತಟ್ಟಿದಳು. ಅವಳ ಕೆಳತುಟಿ ಸುಗುಣಳ ಹಾಗೇ ಒಳಗೆ ಮಡಚಿಕೊಳ್ಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಚಕ್ರಕ್ಕೆ ಗಾಳಿ ಆಡಲೆಂದು ಊದುತ್ತಾ ಕೂತಳು. ಮಣ್ಣು ಒಣಗಲು ಬಹಳ ಹೊತ್ತು ಬೇಕು, ಆದರೂ ಬಿಡದೆ ಊದಿದಳು. ನಾನೂ ಬಗ್ಗಿ ಇನ್ನೊಂದು ಚಕ್ರಕ್ಕೆ ಊದಿದೆ. ಬೇಡ ಅನ್ನಲಿಲ್ಲ.

ಚಕ್ರ ಅಂಟಿಸಿದ ಮೇಲೆ ಡಬ್ಬವನ್ನು ನೆಲಕ್ಕಿಟ್ಟಳು. ಆಗ ಸರಿಯಾಗಿ ನೋಡಿದೆ. ಉದ್ದಕ್ಕೂ ಕಿಟಕಿ ಕತ್ತರಿಸಿದ್ದಳು. ಒಂದೊಂದು ಕಿಟಕಿಗೂ ಒಂದೊಂದು ಗುಂಡಿಯ ತಲೆ. ಒಂದು ಕಿಟಕಿಯ ಗುಂಡಿಗೆ ಮಾತ್ರ ಬಿಳಿ ಬಟ್ಟೆಯ ಚೂರು ಸುತ್ತಿತ್ತು, ನರ್ಸುಗಳು ಉಡುವಂಥದ್ದು. ಮೇದಿನಿ ಬರ್ರ್ ಎಂದು ಸದ್ದು ಮಾಡುತ್ತಾ ಅದನ್ನು ನೂಕಿಕೊಂಡು ಹೊರಟಳು. ಡಿಸೋಜರ ಮುಂದೆ ನಿಲ್ಲಿಸಲಿಲ್ಲ. ಅಂಬುಜಮ್ಮನ ದಿಂಬಿನ ಪಕ್ಕ ನಿಲ್ಲಿಸಲಿಲ್ಲ. ಇಡೀ ಕೋಣೆ ಸುತ್ತಿ ಬಂದು ನನ್ನ ಬಲಗಾಲಿನ ಹೆಬ್ಬೆರಳ ಹತ್ತಿರ ಕ್ರ್ ಎಂದು ನಿಲ್ಲಿಸಿದಳು. ಬಿಳಿ ಬಟ್ಟೆಯ ಗುಂಡಿಯನ್ನು ಕಿಟಕಿಯಿಂದ ತೆಗೆದು ನನ್ನ ಹೆಬ್ಬೆರಳ ಮೇಲಿಟ್ಟಳು. ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಕಿಟಕಿಗೆ ಇಟ್ಟು ಇನ್ನೊಂದು ಸುತ್ತು ಹೊರಟಳು.

ಎರಡನೇ ಸುತ್ತಿಗೂ ಅಲ್ಲೇ ನಿಂತಿತು. ಮೂರನೇ ಸುತ್ತಿಗೂ ಅಲ್ಲೇ. ಚೀಲ ಹಿಡಿದು ಎಡಕ್ಕೆ ನೋಡುತ್ತಿದ್ದ ಸಂಕಪ್ಪಜ್ಜ, ಕಡಲೆಕಾಯಿ, ಪೋಸ್ಟರು, ಎಲ್ಲವೂ ಒಟ್ಟಿಗೆ ಬಂದು ಎದುರಿಗೆ ನಿಂತಂತಾಯಿತು.

“ಪುಟ್ಟೀ” ಎಂದೆ. “ನಾನು ಬಸ್ ಸ್ಟಾಪು.”

ಅವಳು ತಲೆಯೆತ್ತದೆ, ಬಸ್ಸನ್ನು ಹಿಡಿದುಕೊಂಡೇ, ಹೂಂ ಎಂದಳು.

“ಗಂಟೆ ಎಷ್ಟು ರೇವಕ್ಕಾ?”

“ಹನ್ನೊಂದೂ ಮುಕ್ಕಾಲು. ಯಾಕೆ, ಸರಿಯಾಗಿ ಹೇಳಿದ್ಯಲ್ಲ, ಕೈ ಬದಲು ಇಲ್ಲ.”

ಸುಗುಣಳ ಬಸ್ಸು ಹನ್ನೆರಡರೊಳಗೆ ಊರು ದಾಟಿಬಿಡುತ್ತದೆ, ಯಾಕೆ ಎಂದು ಹೇಳುತ್ತಾ ನಿಲ್ಲಲು ಹೊತ್ತಿರಲಿಲ್ಲ. ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ ದೊಡ್ಡ ರಸ್ತೆಯ ಕಡೆ ಓಡಿದೆ. ಬಸ್ ಸ್ಟಾಪು ಓಡುವುದು ಕಷ್ಟ, ಕಾಲು ಕಿತ್ತಿಡಲು ಬರುವುದಿಲ್ಲ, ಪ್ರತಿ ಹೆಜ್ಜೆಗೂ ಇಲ್ಲೇ ನಿಲ್ಲೋಣ ಅನ್ನಿಸುತ್ತದೆ. ಹಿಂದೆ ಹದಿನಾಲ್ಕು ಜನ ಚೀಲ ಹೊತ್ತು ಓಡಿದರು. ಅವರ ಹಿಂದೆ ಆಟದ ಮನೆಯ ಮಕ್ಕಳು, ದೊಡ್ಡವರು, ಕೊನೆಯಲ್ಲಿ ಕೈಗಂಟೆ ಮತ್ತು ಗುಂಡಿಯ ಡಬ್ಬ ಹಿಡಿದ ರೇವಕ್ಕ.

ರಸ್ತೆ ಬದಿಯಲ್ಲಿ ನಿಂತೆ. ಬಸ್ ಸ್ಟಾಪು ಹೇಗೆ ನಿಲ್ಲಬೇಕು ಎಂದು ಯಾರಿಗೂ ಗೊತ್ತಿಲ್ಲ. ಕೈ ಅಡ್ಡ ಹಾಕಲೇ ಎಂದು ಕೇಳಿದೆ. “ಸ್ಟಾಪು ಎಲ್ಲಾದ್ರೂ ಕೈ ಹಾಕುತ್ತಾ? ಸುಮ್ನೆ ನಿಂತ್ಕೊ” ಎಂದರು ರೇವಕ್ಕ ಏದುಸಿರು ಬಿಡುತ್ತಾ. ಹನ್ನೆರಡಕ್ಕೆ ಒಂಬತ್ತು ನಿಮಿಷ ಇತ್ತು. ಎಂಟು ಇತ್ತು. ಎಡಗಡೆಯ ತಿರುವಿನಲ್ಲಿ ಬಸ್ಸು ಕಂಡಿತು. ಎಂದಿನಂತೆಯೇ ಜೋರಾಗಿ ಬಂತು. ಹೆಗಲ ಮೇಲೆ ಮೇದಿನಿಯ ಎರಡೂ ಕೈ ನನ್ನ ಕೂದಲನ್ನು ಹಿಡಿದುಕೊಂಡವು. ಬಸ್ಸು ನನ್ನ ಮುಂದೆ ಬಂತು, ನನ್ನನ್ನು ದಾಟಿತು, ಹೋಯಿತು.

ಬಸ್ಸುಗಳ ಸ್ವಭಾವ ನಾನು ಮರೆತಿದ್ದೆ. ಸ್ಟಾಪಿನ ಎದುರಿಗೇ ಸರಿಯಾಗಿ ನಿಂತ ಬಸ್ಸನ್ನು ಯಾರಾದರೂ ಕಂಡಿದ್ದಾರೆಯೇ? ಇಪ್ಪತ್ತು ಮಾರು ಮುಂದೆ ಹೋಗಿ, ಧೂಳೆಬ್ಬಿಸಿ, ನಿಂತಿತು. ಹದಿನಾಲ್ಕು ಜನವೂ ದಡದಡನೆ ಓಡಿದರು. ಮೇದಿನಿ ನನ್ನ ಹೆಗಲಿಂದ ಜಾರಿ ಇಳಿದು ಅವರ ನಡುವೆ ಓಡಿದಳು. ನಾನೂ ಓಡಬೇಕೆಂದುಕೊಂಡೆ, ಆದರೆ ಕಾಲು ಏಳಲಿಲ್ಲ. ಬಸ್ಸು ಬಂದಾಗ ಸ್ಟಾಪು ಜಾಗ ಬಿಟ್ಟು ಓಡುವುದಿಲ್ಲ. ದೂರದಿಂದ ನೋಡಿದೆ. ಬಾಗಿಲಲ್ಲಿ ಬಿಳಿ ಸೀರೆ ಕಂಡಿತು, ಇಳಿಯಿತು, ಮಗುವನ್ನು ಎತ್ತಿಕೊಂಡು ಅಲ್ಲೇ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಿತು.

ಕಂಡಕ್ಟರು ಟಿಕೆಟು ಕೊಡುವುದರಲ್ಲಿ ಮುಳುಗಿದ್ದ. ಹೊಸ ಸ್ಟಾಪಿನಲ್ಲಿ ಹದಿನಾಲ್ಕು ಜನ ಹತ್ತಿದರೆ ಹೊತ್ತಾಗುತ್ತದೆ, ಅದರಲ್ಲೂ ಸಂಕಪ್ಪಜ್ಜನಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. “ನೀನೆಲ್ಲಿಗೆ ಹೋಗ್ತೀಯೋ ಅಲ್ಲಿಗೇ ಕೊಡಪ್ಪ” ಎನ್ನುತ್ತಿದ್ದ. ಆ ಹೊತ್ತಿನಲ್ಲಿ ಸುಗುಣ ಮಗಳನ್ನು ಸೊಂಟದ ಮೇಲೆ ಹೊತ್ತು ನನ್ನ ಹತ್ತಿರ ಬಂದಳು. ಮುಖವೆಲ್ಲ ಒದ್ದೆ, ಆದರೆ ನಗುತ್ತಿದ್ದಳು.

“ಅಣ್ಣಾ, ಏನಿದು? ಯಾಕ್ ನಿಲ್ಲಿಸ್ದೆ ಅಂದ್ರೆ ಡ್ರೈವರು, ಸ್ಟಾಪಿತ್ತಲ್ಲಮ್ಮ ಅಂತಾನೆ. ಯಾವಾಗ ಆಯ್ತು ಇಲ್ಲಿ ಸ್ಟಾಪು?”

ನನಗಿಂತ ಮೊದಲು ಮೇದಿನಿ ಹೇಳಿದಳು. “ಮಾಮ ಹೂಂ ಅಂದಿದ್ದ. ಅದಕ್ಕೆ.”

ನಾನು ಫೋನಿನಲ್ಲಿದ್ದೆ ಎಂದು ಆಗ ಅವಳಿಗೆ ಗೊತ್ತಿತ್ತು. ಎಲ್ಲರೆದುರು ನಾನೇ ಹೇಳಿ ಎರಡು ಗಂಟೆಯೂ ದಾಟಿರಲಿಲ್ಲ. ಆದರೂ ಹಾಗೆ ಹೇಳಿದಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಬಸ್ ಸ್ಟಾಪು ಅಳುವುದನ್ನು ಊರು ಅಂದೇ ಮೊದಲು ನೋಡಿದ್ದು.

“ಹನ್ನೆರಡಾಗ್ತಾ ಬಂತು” ಎಂದು ರೇವಕ್ಕ ಮೆಲ್ಲಗೆ ಹೇಳಿದರು. “ಗಂಟೆ ಬಾರಿಸಿದ್ರೆ ಈ ಸ್ಟಾಪು ಮುಗೀತು. ಮೇದಿನೀ, ಹೊಸ ಹೆಸ್ರು ಹೇಳ್ತೀಯಾ ಮಾಮಂಗೆ?” ಅವರ ಕೈಯಲ್ಲಿದ್ದ ಗುಂಡಿಯ ಡಬ್ಬದೊಳಗೆ ನನ್ನ ಫೋನು ಗಲಗಲ ಹೊಡೆದುಕೊಳ್ಳುತ್ತಿತ್ತು. ತೊಂಡೆಕಾಯಿ ಮತ್ತೆ ಬದನೆಕಾಯಿಯಾಗಿತ್ತು ಎಂದು ಆಮೇಲೆ ತಿಳಿಯಿತು. ನಾನು ಮಂಡಿಯೂರಿ ಕೂತು ಕಿವಿ ಕೊಟ್ಟೆ. ಅಮ್ಮನ ಸೊಂಟದಿಂದಲೇ ಬಾಗಿ ಮೇದಿನಿ ಹೇಳಿದಳು, “ಅದೇ. ಆದ್ರೆ ಬೆಂಚು ಇರೋದು. ಅಮ್ಮ ಕೂತ್ಕೋಬೇಕು.”

“ಬೆಂಚಿರೋ ಬಸ್ ಸ್ಟಾಪು. ಹೂಂ” ಎಂದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ. ರೇವಕ್ಕ ಗಂಟೆ ಬಾರಿಸಿದರು. ಕಂಡಕ್ಟರು ಸೀಟಿ ಊದಿದ. ಸುಗುಣ ಮಗುವನ್ನು ನನ್ನ ತೋಳಿಗೆ ಕೊಟ್ಟು, ಇಲ್ಲೇ ಇಳಿಯುವುದಾದರೆ ವಾರ ವಾರ ಬಂದು ಹೋಗಬಹುದು ಎಂದು ಓಡುತ್ತಲೇ ಕೂಗಿ ಹೇಳಿ ಬಸ್ಸು ಹತ್ತಿದಳು. ಸಂಕಪ್ಪಜ್ಜ ಹಿಂದಿನ ಕಿಟಕಿಯಿಂದ ನಮಗೆ ದೊಡ್ಡ ಪ್ರಯಾಣಿಕನ ಹಾಗೆ ಕೈ ಬೀಸಿದ. ಮೇದಿನಿ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಆ ದಿನ ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು.

ಊಟವಾದ ಮೇಲೆ ನಾನು ಹೊರಗೆ ಜಗಲಿಯ ಮೇಲೆ ಕೂತಿದ್ದೆ. ಅವಳು ಬಂದು ನನ್ನ ತೊಡೆಯ ಮೇಲೆ ಹತ್ತಿ ಕೂತು, ಕತ್ತು ಚಾಚಿ ಎಡಕ್ಕೆ ನೋಡಿದಳು.

“ಬಂತಾ?” ಎಂದು ಕೇಳಿದೆ.

“ಇಲ್ಲ. ಶನಿವಾರ ಬರುತ್ತೆ” ಎಂದು ನನ್ನ ಎದೆಗೆ ಒರಗಿ ಅಲ್ಲೇ ನಿದ್ದೆ ಹೋದಳು. ಒಳಗೆ ಫೋನು ಒಂದೇ ಸಮನೆ ಕೂಗುತ್ತಿತ್ತು, ಚೆನ್ನವೀರಣ್ಣ ಅಡುಗೆ ಮನೆಯಿಂದ ವಾಮಣ್ಣ ವಾಮಣ್ಣ ಎನ್ನುತ್ತಿದ್ದ. ನಾನು ಏಳಲಿಲ್ಲ. ಬೆಂಚಿನ ಮೇಲೆ ಯಾರಾದರೂ ಕೂತಿರುವಾಗ ಬೆಂಚು ಎದ್ದು ಹೋಗುವುದಿಲ್ಲ.